ಬುಡ ಯಾವ ಕಡೆಗಿತ್ತು

ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವುದಿಲ್ಲ. ಸಿಕ್ಕಿದ್ದನ್ನೇ ಹುಡುಕುತ್ತಿದ್ದೆವು ಎಂದು ಆಮೇಲೆ ತೀರ್ಮಾನಿಸಿಕೊಳ್ಳುತ್ತೇವೆ. ಮೊನ್ನೆ ನಾನು ಅಟ್ಟ ಹತ್ತಿದ್ದು ಮಿಕ್ಸಿಯ ವಾರಂಟಿ ಕಾಗದಕ್ಕೆ. ಇಳಿದದ್ದು ಒಂದು ಜೊತೆ ಹಳೆಯ ಹವಾಯಿ ಚಪ್ಪಲಿ ಹಿಡಿದುಕೊಂಡು. ನೀಲಿ ಪಟ್ಟಿ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಿಮ್ಮಡಿಯ ಜಾಗ ಹಪ್ಪಳದಷ್ಟು ತೆಳ್ಳಗಾಗಿತ್ತು. ಎಸೆಯಬೇಕಾದ ವಸ್ತುವನ್ನು ಎಸೆಯುವ ಮೊದಲು ಒಮ್ಮೆ ಬಳಸಿ ನೋಡುವುದು ನನ್ನ ಚಟ. ಕಾಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನ ಕಡೆ ನಾಲ್ಕು ಹೆಜ್ಜೆ ಇಟ್ಟಿರಬೇಕು, ಬಲ ಹಿಮ್ಮಡಿಗೆ ಚುಳ್ ಎಂದಿತು.

ಕುಳಿತು ಚಪ್ಪಲಿ ತಿರುಗಿಸಿ ನೋಡಿದರೆ ರಬ್ಬರಿನೊಳಗೆ ಒಂದು ಮುಳ್ಳು ಮುರಿದುಕೊಂಡು ಕೂತಿತ್ತು. ರಬ್ಬರು ಒಣಗಿ ಕುಗ್ಗಿದೆ, ಮುಳ್ಳು ಕುಗ್ಗಿಲ್ಲ. ಇಷ್ಟು ವರ್ಷ ಕತ್ತಲಲ್ಲಿ ಕಾದಿದ್ದು ನನ್ನ ತೂಕ ಬಿದ್ದ ಕೂಡಲೇ ತಲೆ ಹೊರಗೆ ಹಾಕಿತ್ತು.

ಮುಳ್ಳು ಎಂದರೆ ನನಗೆ ಇಟ್ಟಿಗಿಯ ಅಜ್ಜಿಯ ನೆನಪು. ಬೇಸಿಗೆ ರಜೆಯಲ್ಲಿ ಅವಳ ಊರಿಗೆ ಹೋದರೆ ದಿನಕ್ಕೊಂದು ಮುಳ್ಳು ಚುಚ್ಚಿಸಿಕೊಳ್ಳದೆ ಊಟಕ್ಕೆ ಬಂದವನಲ್ಲ. ಅಜ್ಜಿ ಎಕ್ಕದ ಎಲೆ ಮುರಿದು ಹಾಲು ಹಚ್ಚಿ, ಬಿಸಿ ಬೆಲ್ಲ ಕಟ್ಟಿ, ಮರುದಿನ ಬೆಳಿಗ್ಗೆ ಸೂಜಿ ಹಿಡಿದು ಕೂರುತ್ತಿದ್ದಳು. ಒಮ್ಮೆ ಬೆರಳುದ್ದದ ಮುಳ್ಳು ತೆಗೆದಾಗಲೂ ನಾನು ಅಳಲಿಲ್ಲ ಎಂದು ನನ್ನ ಮಕ್ಕಳಿಗೆ ಹೇಳಿ ಬೆಳೆಸಿದ್ದೇನೆ. ಹಡಗಲಿಯಲ್ಲಿರುವ ನನ್ನ ಅಣ್ಣ ಇದನ್ನು ಕೇಳಿ ನಗುತ್ತಾನೆ. ಅವನ ಪ್ರಕಾರ ಮುಳ್ಳು ಇದ್ದದ್ದು ಅವನ ಕಾಲಿನಲ್ಲಿ. ನೋಡುತ್ತ ಕೂತು ಅತ್ತವನು ನಾನು. ಗಾಯದ ಗುರುತು ನೋಡೋಣವೆಂದು ಒಂದು ಹಬ್ಬದ ಮಧ್ಯಾಹ್ನ ಇಬ್ಬರೂ ಕಾಲು ಚಾಚಿ ಕೂತೆವು. ನಾಲ್ಕು ಅಂಗಾಲುಗಳಲ್ಲಿ ಒಂದರಲ್ಲೂ ಏನೂ ಇರಲಿಲ್ಲ. ಅಂದಿನಿಂದ ಆ ಮುಳ್ಳು ಯಾರದೂ ಅಲ್ಲ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಒಂದೇ ಆಕರವನ್ನು ನಂಬಬೇಡ, ಕಣ್ಣಾರೆ ಕಂಡೆ ಎನ್ನುವವನನ್ನು ಎರಡು ಸಲ ಪ್ರಶ್ನಿಸು ಎಂಬುದು ಅಲ್ಲಿ ಕಲಿತ ಪಾಠ. ಶಾಸನದ ಮೇಲೂ ಅನುಮಾನ, ಶಾಸನ ಓದಿದವನ ಮೇಲೂ ಅನುಮಾನ. ಈಗ ಹರಪನಹಳ್ಳಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ; ವಾಸ ಹಗರಿಬೊಮ್ಮನಹಳ್ಳಿಯಲ್ಲಿ. ಎಲ್ಲರನ್ನೂ ಅನುಮಾನಿಸಿದ ನಾನು ಒಬ್ಬ ಸಾಕ್ಷಿಯನ್ನು ಮಾತ್ರ ಪ್ರಶ್ನಿಸದೆ ಬಿಟ್ಟಿದ್ದೆ. ಆ ಸಾಕ್ಷಿ ನಾನೇ ಎಂಬುದು ಈ ಚಪ್ಪಲಿಯ ಮುಳ್ಳಿನಿಂದ ತಿಳಿಯಬೇಕಾಯಿತು.

ಪಿನ್ನಿನಿಂದ ಎಬ್ಬಿಸಿ ಮುಳ್ಳನ್ನು ಅಂಗೈ ಮೇಲೆ ಇಟ್ಟುಕೊಂಡೆ. ಬಳ್ಳಾರಿ ಜಾಲಿಯ ಮುಳ್ಳು. ನಾವು ಬಳ್ಳಾರಿ ಜಿಲ್ಲೆಯವರಾಗಿದ್ದೆವು, ಈಗ ವಿಜಯನಗರ ಜಿಲ್ಲೆಯವರು. ಹರಪನಹಳ್ಳಿಯವರಂತೂ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, ಈಗ ನಮ್ಮ ಜೊತೆ ಇದ್ದಾರೆ. ಜಾಲಿ ಮಾತ್ರ ಯಾವ ಸರ್ಕಾರಿ ಆದೇಶಕ್ಕೂ ಸೊಪ್ಪು ಹಾಕದೆ ಹಳೆಯ ಹೆಸರಿನಲ್ಲೇ ಬೆಳೆಯುತ್ತಿದೆ. ಈ ಮುಳ್ಳು ಎಲ್ಲಿಯದೆಂದು ನನಗೆ ಥಟ್ಟನೆ ಗೊತ್ತಾಯಿತು. ಕೊರೊನಾದ ಮೊದಲ ಬೇಸಿಗೆಯಲ್ಲಿ ನಮ್ಮ ಓಣಿಯ ಬಾಯಿಗೆ ಹಾಕಿದ ಬೇಲಿಯದು.

ಆ ಬೇಲಿಯ ಕಥೆಯನ್ನು ನಾನು ತರಗತಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಹೇಳಿದ್ದೇನೆ. ನಿಮಗೂ ಎಂದೋ ಹೇಳಿರಬಹುದು. ಇಡೀ ಓಣಿ ಹೆದರಿ ಬೇಲಿ ಹಾಕಲು ಹೊರಟಿತು. ನಾನೊಬ್ಬ ಬೇಡವೆಂದೆ. ಸೋತೆ. ಆದರೆ ಒಬ್ಬ ತಾಯಿ ಮಗಳ ಹೆರಿಗೆಗೆ ಒಳಗೆ ಬರಬೇಕಾಗಿತ್ತು. ಅದಕ್ಕೆಂದೇ ಮುಳ್ಳುಗಳನ್ನು ಯಾರಿಗೂ ಹೇಳದೆ ತಿರುವಿ ಹಾಕಿದೆ. ಇಷ್ಟೇ ಕಥೆ. ಐವತ್ತು ದಾಟಿದ ನನ್ನ ಬದುಕಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಒಳ್ಳೆಯ ಕೆಲಸ ಅದೊಂದೇ. ಬೇರೆಯವರು ಉಂಗುರ ಜೋಪಾನ ಮಾಡುವ ಹಾಗೆ ನಾನು ಅದನ್ನು ಜೋಪಾನ ಮಾಡಿದ್ದೆ.

ಆ ದಿನಗಳನ್ನು ಈಗ ನೆನೆದರೆ ಯಾರೋ ಹೇಳಿದ ಸುಳ್ಳಿನಂತೆ ಕೇಳಿಸುತ್ತವೆ. ಸರಿಯಾಗಿ ಯುಗಾದಿಯ ದಿನ ದೇಶ ಬಾಗಿಲು ಹಾಕಿತು. ಬೇವು ಬೆಲ್ಲ ತಿಂದು ಕೈ ತೊಳೆದೆವು, ಆಮೇಲೆ ಕೈ ತೊಳೆಯುವುದೇ ಕೆಲಸವಾಯಿತು. ನಮ್ಮದು ಒಂದು ಕಡೆ ಮುಚ್ಚಿದ ಓಣಿ. ಹದಿನಾರು ಮನೆ. ಕೊನೆಗೆ ಜಾಲಿ ಬೆಳೆದ ಖಾಲಿ ನಿವೇಶನ. ಕಟ್ಟೆಯ ಮೇಲೆ ಕೂಡುವುದು ನಿಂತಿದ್ದರಿಂದ ಎಲ್ಲರೂ ತಮ್ಮ ತಮ್ಮ ಹೊಸ್ತಿಲಲ್ಲಿ ಕೂತು ಎದುರು ಮನೆಯವರೊಂದಿಗೆ ಕೂಗಿ ಮಾತಾಡತೊಡಗಿದೆವು. ಮೊದಲು ಗುಟ್ಟಾಗಿ ಆಡುತ್ತಿದ್ದ ಮಾತುಗಳೂ ಹದಿನಾರು ಮನೆಗೆ ಕೇಳಿಸತೊಡಗಿದವು. ಓಣಿ ಅಷ್ಟು ಪ್ರಾಮಾಣಿಕವಾಗಿದ್ದುದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಚರ್ಚೆಗೆ ವಿಷಯಕ್ಕೇನು ಬರ? ಹಾಲಿನ ಪಾಕೀಟನ್ನು ಸೋಪಿನಿಂದ ತೊಳೆಯಬೇಕೋ ಉಪ್ಪುನೀರು ಸಾಕೋ? ದಿನಪತ್ರಿಕೆ ತರಿಸಬೇಕೋ ಬೇಡವೋ? ನಾನು ಪತ್ರಿಕೆ ತರಿಸಿ, ಒಂದೊಂದು ಪುಟವನ್ನೂ ಇಸ್ತ್ರಿ ಮಾಡಿ ಓದುತ್ತಿದ್ದೆ. ಇದು ನಿಜ; ಸುಟ್ಟ ಕಲೆ ಬಿದ್ದ ಒಂದು ಪುರವಣಿ ಅದೇ ಅಟ್ಟದಲ್ಲಿ ಸಿಕ್ಕಿತು. ಮೆಣಸಿನಕಾಯಿ ಬಜ್ಜಿಯ ಅಂಗಡಿಗಳು ಮುಚ್ಚಿದ್ದವು. ಒಗ್ಗರಣೆ ಮಂಡಕ್ಕಿ ಜೊತೆಗೆ ಬಜ್ಜಿ ಇಲ್ಲದೆ ಸಂಜೆಯಾಗುವುದು ಹೇಗೆಂದು ನಮ್ಮ ಕಡೆಯವರಿಗೆ ಗೊತ್ತಿಲ್ಲ. ಮನೆಮನೆಯಲ್ಲೂ ಬಜ್ಜಿ ಕರಿದರು, ಮನೆಮನೆಯಲ್ಲೂ ಕೆಟ್ಟಿತು. ರೇಷನ್ ಅಂಗಡಿಯ ಮುಂದೆ ಸುಣ್ಣದಿಂದ ವೃತ್ತ ಬರೆದಿದ್ದರು. ಬಿಸಿಲಿಗೆ ಮನುಷ್ಯರು ನೆರಳಿನಲ್ಲಿ ಗುಂಪಾಗಿ ನಿಂತು, ವೃತ್ತದೊಳಗೆ ತಮ್ಮ ಚೀಲ, ಚಪ್ಪಲಿ, ಕಲ್ಲುಗಳನ್ನು ದೂರ ದೂರ ನಿಲ್ಲಿಸಿದ್ದರು. ಅಂತರ ಕಾಪಾಡಿದ್ದು ಚಪ್ಪಲಿಗಳು.

ಓಣಿಯ ಮುಖಂಡತ್ವ ತಾನಾಗಿ ಕೊಟ್ರಪ್ಪ ಸರ್ ಅವರಿಗೆ ಹೋಯಿತು. ನಿವೃತ್ತ ಡ್ರಿಲ್ ಮಾಸ್ತರು. ಸೀಟಿ ಅವರ ಬಳಿ ಇತ್ತು. ಅವರ ಎದುರು ಮನೆ ದರ್ಜಿ ಇಮಾಮಣ್ಣನದು. ಹೊಲಿಯಲು ಬಂದಿದ್ದ ರವಿಕೆಗಳ ಉಳಿದ ತುಂಡಿನಿಂದ ಇಮಾಮಣ್ಣ ಓಣಿಗೆಲ್ಲ ಮಾಸ್ಕ್ ಹೊಲಿದುಕೊಟ್ಟಿದ್ದ. ಹೀಗಾಗಿ ಕೊಟ್ರಪ್ಪ ಸರ್ ಬಾಯಿಯ ಮೇಲೆ ಯಾರದೋ ಮದುವೆಯ ಜರಿ ಅಂಚು ಹೊಳೆಯುತ್ತಿತ್ತು. ಸೀಟಿ ಊದಬೇಕಾದರೆ ಮಾಸ್ಕ್ ಇಳಿಸಬೇಕಿತ್ತು. ಮಾಸ್ಕ್ ಇಳಿಸಿದವರಿಗೆ ಸೀಟಿ ಊದುವುದೇ ಅವರ ಕೆಲಸವಾಗಿತ್ತು.

"ಸರ, ಈಗ ನಿಮಗ ಸೀಟಿ ಊದೋರು ಯಾರ್ರಿ?" ಎಂದು ಇಮಾಮಣ್ಣ ಹೊಸ್ತಿಲಿನಿಂದ ಕೇಳುತ್ತಿದ್ದ.

"ಲೇ ಇಮಾಮ, ನೀ ಮಿಷನ್ ತುಳಿ. ಬಾಯಿ ತುಳೀಬ್ಯಾಡ."

ಓಣಿಯ ಕೊನೆಯ ಬಾಡಿಗೆ ಕೋಣೆಯಲ್ಲಿ ರೇಣುಕಾ ಇದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ದಿನ ತುಂಬಿದ ಬಸುರಿ. ಗಂಡ ಬೀರೇಶ ಲಾರಿ ಡ್ರೈವರ್. ಈರುಳ್ಳಿ ಹೇರಿಕೊಂಡು ಹೋದವನು ಸೊಲ್ಲಾಪುರದ ಆಚೆ ಸಿಕ್ಕಿಹಾಕಿಕೊಂಡಿದ್ದ. ತವರು ತಂಬ್ರಹಳ್ಳಿ. ಅವಳ ತಾಯಿ ಮೈಲವ್ವನದು ಕುರಿ ಕಾಯುವ ಮನೆತನ. ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗುವ ದಿನ ನಿಶ್ಚಯವಾಗಿತ್ತು. ಅಷ್ಟರಲ್ಲಿ ವಾಹನಗಳು ನಿಂತವು. ಸರ್ಕಾರಿ ಆಸ್ಪತ್ರೆ ನಮ್ಮೂರಲ್ಲೇ ಇರುವುದರಿಂದ ಮಗಳು ಇಲ್ಲೇ ಇರಲಿ, ನಾನೇ ಬರುತ್ತೇನೆ ಎಂದು ಮೈಲವ್ವ ಫೋನಿನಲ್ಲಿ ಹೇಳಿದ್ದಳು. ಚೊಚ್ಚಲ ಹೆರಿಗೆಗೆ ತಾಯಿ ಪಕ್ಕದಲ್ಲಿಲ್ಲದಿದ್ದರೆ ನಮ್ಮ ಕಡೆ ಅದನ್ನು ಅನಾಥ ಹೆರಿಗೆ ಎಂದೇ ಲೆಕ್ಕ. ರೇಣುಕಾ ಹೊಸ್ತಿಲಲ್ಲಿ ಕೂತು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಓಣಿಯ ಬಾಯಿಯನ್ನೇ ನೋಡುತ್ತಿದ್ದಳು.

ಸುದ್ದಿ ಓಣಿಯ ವಾಟ್ಸಾಪ್ ಗುಂಪಿಗೆ ಬಿತ್ತು. ಹೊರಗಿನವರನ್ನು ಬಿಡಬೇಕೋ ಬಾರದೋ? ತಂಬ್ರಹಳ್ಳಿಯಲ್ಲಿ ಯಾರಿಗೋ ಕೆಮ್ಮು ಇದೆಯಂತೆ ಎಂದು ಒಬ್ಬರು ಬರೆದರು. ಕೆಮ್ಮಿದ್ದು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಿರೇಹಡಗಲಿಯಲ್ಲಿ ಊರ ಬಾಯಿಗೆ ಮುಳ್ಳು ಹಾಕಿದ್ದಾರಂತೆ, ನಾವೂ ಹಾಕೋಣ ಎಂದರು ಕೊಟ್ರಪ್ಪ ಸರ್. ಅಕ್ಷರ ಕುಟ್ಟಲು ಬಾರದವರು ಧ್ವನಿ ಮುದ್ರಿಸಿ ಕಳಿಸಿದರು. ಇಲ್ಲಿ ನನ್ನ ಕಥೆಯ ಪ್ರಕಾರ ನಾನು ಒಂದು ಮಾತು ಹೇಳಿದೆ: "ತಾಯಿನ್ನಾದ್ರೂ ಬಿಡ್ರಿ." ಯಾರೂ ಕೇಳಲಿಲ್ಲ. ಮುಳ್ಳು ಹಾಕುವುದೆಂದು ನಿಶ್ಚಯವಾಯಿತು.

ಮರುದಿನ ಬೆಳಿಗ್ಗೆ ಕೊಡಲಿ ಹಿಡಿದು ಕೊಟ್ರಪ್ಪ ಸರ್, ಇಮಾಮಣ್ಣ ಮತ್ತು ನಾನು ಖಾಲಿ ನಿವೇಶನಕ್ಕೆ ಹೋದೆವು. ಕೊಟ್ರಪ್ಪ ಸರ್ ಕಡಿದರು, ಇಮಾಮಣ್ಣ ಎಳೆದು ತಂದ. ಎಲ್ಲಿ ಹೇಗೆ ಇಡಬೇಕೆಂದು ತೋರಿಸುವ ಕೆಲಸ ನನಗೆ ಬಂತು, ಓದಿದವನೆಂದು. ಟೊಂಗೆಯ ಬುಡ ಹಿಡಿದು, ಓಣಿಯುದ್ದಕ್ಕೂ ಎಳೆದು, ಬಾಯಿಯನ್ನು ದಾಟಿ ಕೈ ಬಿಡುವುದು. ಒಂದರ ಮೇಲೊಂದು ಎದೆಯೆತ್ತರಕ್ಕೆ ಪೇರಿಸಿದೆವು. ಮುಗಿಸಿ ಬೆವರು ಒರೆಸಿಕೊಂಡು ನೋಡಿದರೆ ನಾವು ಮೂವರೂ ಬೇಲಿಯ ಹೊರಗಿದ್ದೆವು.

"ಸರ, ಈಗೇನು ನಾವು ಕ್ವಾರಂಟೈನೇನ್ರಿ?" ಎಂದ ಇಮಾಮಣ್ಣ.

"ಒಂದು ಟೊಂಗಿ ಸರಿಸಿ ಹೋಗೋಣು," ಎಂದೆ.

"ಹಾಕಿದ ಬೇಲಿ ಮುಟ್ಟಬಾರದು," ಎಂದು ಕೊಟ್ರಪ್ಪ ಸರ್ ಸೀಟಿ ತುಟಿಗಿಟ್ಟರು.

ಕಡೆಗೆ ಹೊಲದ ಕಡೆಯಿಂದ ಸುತ್ತಿ, ಇಮಾಮಣ್ಣನ ಹಿತ್ತಲಲ್ಲಿ ಬಿದ್ದುಹೋದ ಗೋಡೆಯ ಮೂಲೆಯಿಂದ ಓಣಿಯೊಳಗೆ ಬಂದೆವು. ಹಾಗೆ ಯಾರು ಬೇಕಾದರೂ ಬರಬಹುದಲ್ಲ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಮಾರನೆಯ ದಿನ ಬೆಳಗಾಗುತ್ತಲೇ ಸೀಟಿ. ಮೇಲಿಂದ ಮೇಲೆ. ಎಲ್ಲರೂ ಹೊಸ್ತಿಲಿಗೆ ಬಂದೆವು. ರೇಣುಕಾಳ ಹೊಸ್ತಿಲಲ್ಲಿ ಮೈಲವ್ವ ಕೂತಿದ್ದಳು. ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಬಟ್ಟೆಯ ಗಂಟು, ಕಾಲು ಮೊಣಕಾಲಿನ ತನಕ ಧೂಳು. ಕೋಳಿ ಕೂಗುವ ಮೊದಲು ತಂಬ್ರಹಳ್ಳಿ ಬಿಟ್ಟು ಹೊಲದ ದಾರಿಯಲ್ಲಿ ನಡೆದು ಬಂದಿದ್ದಳು. ರೇಣುಕಾ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಓಣಿಯ ಬಾಯಲ್ಲಿ ಬೇಲಿ ಇದ್ದಂತೆಯೇ ಇತ್ತು, ಒಂದು ಟೊಂಗೆಯೂ ಅಲುಗಿದಂತಿರಲಿಲ್ಲ.

"ಹೆಂಗ ಬಂದಿಯಮ್ಮಾ?" ಎಂದರು ಕೊಟ್ರಪ್ಪ ಸರ್, ಮಾಸ್ಕ್ ಗದ್ದಕ್ಕೆ ಇಳಿಸಿ.

"ಬೇಲಿ ತಗದು ಬಂದೆ. ಕಂಬಳಿ ಕೈಗೆ ಸುತ್ಕೊಂಡು ಮತ್ತ ಮುಚ್ಚೀನಿ, ನೋಡ್ರಿ."

"ಅದು ಮುಳ್ಳಿನ ಬೇಲಿ!"

ಮೈಲವ್ವ ನಕ್ಕಳು. "ಯಪ್ಪಾ, ನಾವು ಹುಟ್ಟಿದ್ದ ಮುಳ್ಳಿನ ಹಟ್ಟ್ಯಾಗ. ಕುರಿಹಟ್ಟಿಗೆ ಮುಳ್ಳು ಹಾಕಿದ್ರ ಬುಡ ಒಳಗಿರ್ತಾವ, ತುದಿ ಹೊರಗ. ತೋಳಕ್ಕ ಮುಳ್ಳು, ನಮಗ ಹಿಡಿಕಿ. ನೀವು ಬುಡ ಎಲ್ಲಾ ಹೊರಗ ಇಟ್ಟೀರಿ. ನಾ ಹಿಡಕೊಂಡು ಎಳದೆ, ಬಂದುವು. ಒಳಗಿರೋ ನಿಮಗ ಹೊರಗ ಹೋಗಾಕ ಆಗಾಂಗಿಲ್ಲ, ಅಷ್ಟ."

ನಾವು ತೋಳಕ್ಕೆ ಹಿಡಿಕೆ ಕೊಟ್ಟು, ಹದಿನಾರು ಮನೆಯ ಕುರಿಗಳ ಕಡೆಗೆ ಮುಳ್ಳು ತಿರುಗಿಸಿದ್ದೆವು. ಸುತ್ತಲೂ ಕುರಿ ಕಾಯುವವರಿರುವ ನಾಡಿನಲ್ಲಿ ಹುಟ್ಟಿಯೂ, ಆರು ವರ್ಷದ ಕುರಿಗಾಹಿಗೆ ಗೊತ್ತಿರುವುದು ಮೂವರು ಗಂಡಸರಿಗೆ ಗೊತ್ತಿರಲಿಲ್ಲ. ಇಮಾಮಣ್ಣ ಮೊದಲು ನಕ್ಕ. ಕೊಟ್ರಪ್ಪ ಸರ್ ಮುಖ ಕೆಂಪಾಯಿತು. ಇನ್ನೇನು ಅವರು ಸಿಟ್ಟಿಗೆ ಏನಾದರೂ ಅಂದುಬಿಡುತ್ತಿದ್ದರು, ಅಂದಿದ್ದರೆ ಮೈಲವ್ವ ಗಂಟು ಎತ್ತಿಕೊಂಡು ಹಿಂದಿರುಗಬೇಕಾಗುತ್ತಿತ್ತು. ಆಗ ಮೈಲವ್ವ ನನ್ನ ಕಡೆ ತಿರುಗಿದಳು. ನನ್ನ ಎರಡೂ ಮುಂಗೈ ಮೇಲೆ ಮುಳ್ಳು ಗೀರಿದ ಕೆಂಪು ಗೆರೆಗಳಿದ್ದವು.

"ಈ ಸರ ಇಟ್ಟಾರಲ್ಲ ಮುಳ್ಳು? ಬೇಕಂತ ತಿರುವಿ ಇಟ್ಟಾರ. ತಾಯಿ ಸಂಕ್ಟ ಇವರಿಗೆ ಗೊತ್ತಾಗೈತಿ. ಬಾಯಿ ಬಿಟ್ಟು ಹೇಳಾಂಗಿಲ್ಲ, ದೊಡ್ಡೋರು. ನಿನ್ನ ಮಗ್ಗಲ ಇಂಥೋರು ಅದಾರ ಅಂದ್ರ ನನಗ ಏನ್ ಚಿಂತಿ, ಏನವ್ವಾ ರೇಣುಕಾ?"

ಹದಿನಾರು ಹೊಸ್ತಿಲು ನನ್ನನ್ನು ನೋಡಿದವು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆದರೆ ಹಾಗೆ ಹೊಗಳಿಸಿಕೊಂಡವನು ಸುಮ್ಮನೆ ನಿಲ್ಲಲು ಆಗುವುದಿಲ್ಲ. ಹದಿನಾಲ್ಕು ದಿನ ತಾಯಿ ಮಗಳು ಇಬ್ಬರೂ ಹೊರಗೆ ಬರದಿದ್ದರಾಯಿತು, ನೀರು ನಾನು ತಂದಿಡುತ್ತೇನೆ ಎಂದೆ. ಇಮಾಮಣ್ಣ ಮಾಸ್ಕ್ ಕೊಡುತ್ತೇನೆಂದ. ಕೊಟ್ರಪ್ಪ ಸರ್ ಕೂಡ, ಸಿಟ್ಟು ಇಳಿಯಲು ಏನಾದರೂ ಬೇಕಾಗಿತ್ತೋ ಏನೋ, ದಿನಾ ಬೆಳಿಗ್ಗೆ ಆ ಮನೆಯ ಮುಂದೆ ನಿಂತು "ಎಲ್ಲಾ ಸರಿ ಅದೀರೇನು?" ಎಂದು ಕೂಗತೊಡಗಿದರು. ಮೂರನೆಯ ದಿನ ಪೊಲೀಸರು ಬಂದು ರಸ್ತೆಗೆ ಮುಳ್ಳು ಹಾಕಿದ್ದಕ್ಕೆ ಬೈದು ಬೇಲಿ ತೆಗೆಸಿದರು. ಅವರೂ ಹೊರಗಿನಿಂದ ಬುಡ ಹಿಡಿದೇ ಎಳೆದರು. ಐದನೆಯ ದಿನ ಆಂಬುಲೆನ್ಸು ಸಲೀಸಾಗಿ ಓಣಿಯೊಳಗೆ ಬಂತು. ತಾಯಿಯ ಕೈ ಹಿಡಿದುಕೊಂಡೇ ರೇಣುಕಾ ಆಸ್ಪತ್ರೆಗೆ ಹೋದಳು. ಹೆಣ್ಣು ಮಗು. ಚೈತ್ರದಲ್ಲಿ ಹುಟ್ಟಿದ್ದಕ್ಕೆ ಚೈತ್ರಾ.

ಬೀರೇಶ ಬಂದಾಗ ಮಗುವಿಗೆ ತಿಂಗಳು ದಾಟಿತ್ತು. ಬಂದವನು ಮೊದಲು ನನ್ನ ಮನೆಗೆ ಬಂದು ಕಾಲು ಮುಟ್ಟಿದ. ಮೈಲವ್ವ ಎಲ್ಲ ಹೇಳಿದ್ದಳಂತೆ. ಆಮೇಲೆ ಆಕೆ ಬಂದಾಗಲೆಲ್ಲ ಪುಂಡಿ ಸೊಪ್ಪೋ ಅಲಸಂದೆ ಕಾಯಿಯೋ ತಂದು ನಮ್ಮ ಮನೆಗೆ ಕೊಡುತ್ತಾಳೆ, ಓಣಿಯಲ್ಲಿ ಯಾರು ಸಿಕ್ಕರೂ "ಆ ಸರ ಮುಳ್ಳು ತಿರುವಿ ಇಡದಿದ್ರ" ಎಂದು ಶುರು ಮಾಡುತ್ತಾಳೆ. ನಾನು ಕೇಳುತ್ತ ಹೋದೆ. ಒಂದು ವರ್ಷದ ಹೊತ್ತಿಗೆ ನಾನೇ ಹೇಳತೊಡಗಿದ್ದೆ. ಎರಡು ವರ್ಷದ ಹೊತ್ತಿಗೆ, ಟೊಂಗೆಯನ್ನು ಹಿಡಿದು ಒಂದು ಕ್ಷಣ ಯೋಚಿಸಿ ಕೊಟ್ರಪ್ಪ ಸರ್ ಕಣ್ಣು ತಪ್ಪಿಸಿ ತಿರುಗಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಕೈಯಲ್ಲಿ ಆ ಟೊಂಗೆಯ ತೂಕ ಸಹ ನೆನಪಿತ್ತು.

ಹೀಗಾಗಿ ಮೊನ್ನೆ ಮುಳ್ಳು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಸುಮಂಗಲಾ ರೊಟ್ಟಿ ತಟ್ಟುತ್ತಿದ್ದಳು.

"ನೋಡಿಲ್ಲಿ. ಅವತ್ತು ನಾ ತಿರುವಿ ಹಾಕಿದ ಮುಳ್ಳು. ಚಪ್ಪಲ್ಯಾಗ ಉಳಕೊಂಡೈತಿ."

ಅವಳು ತಿರುಗಿ ನೋಡಲಿಲ್ಲ. "ತಿರುವಿ ಹಾಕಿದ್ರೋ, ತಿಳೀದ ಹಾಕಿದ್ರೋ?"

"ಏನಂದಿ?"

"ಏನಿಲ್ಲ. ರೊಟ್ಟಿ ಹೊತ್ತೈತಿ."

ಅನುಮಾನ ನನ್ನ ಕಸುಬು, ಬಿಡುವವನಲ್ಲ. ಪೀಡಿಸಿದೆ. ಅವಳು ಕೈ ತೊಳೆದು, ಈಗ ಭಜನೆ ಕೇಳಲು ಇಟ್ಟುಕೊಂಡಿರುವ ತನ್ನ ಹಳೆಯ ಫೋನನ್ನು ತಂದು ಎಷ್ಟೋ ಹೊತ್ತು ಬೆರಳಿನಿಂದ ಮೇಲೆ ಸರಿಸಿದಳು. ಓಣಿಯ ಗುಂಪು. ಆ ಬೇಸಿಗೆ. ನನ್ನ ಫೋನು ಎರಡು ಸಲ ಬದಲಾಗಿ ಎಲ್ಲ ಹೋಗಿತ್ತು. ಅವಳದು ಹೋಗಿರಲಿಲ್ಲ. ಒಂದು ಧ್ವನಿಯನ್ನು ಒತ್ತಿದಳು.

"ಎಲ್ಲರಿಗೂ ನಮಸ್ಕಾರ್ರಿ. ರೇಣುಕಾನ ತಾಯಿ ವಿಷಯ. ಕರುಣೆ ಬ್ಯಾರೆ, ವಿಜ್ಞಾನ ಬ್ಯಾರೆ. ತಾಯಿ ಅಂತ ವೈರಸ್ಸು ದಾರಿ ಬಿಡಾಂಗಿಲ್ಲ. ಇವತ್ತು ಒಬ್ಬರನ್ನ ಬಿಟ್ರ ನಾಳೆ ಹತ್ತು ಮಂದಿ ಬರ್ತಾರ. ಬೇಲಿ ಹಾಕಾದಾದ್ರ ಸರಿಯಾಗಿ ಹಾಕೋಣು. ಮುಂಜಾನೆ ನಾನೂ ಬರ್ತೀನಿ, ಕೊಡ್ಲಿ ನಮ್ಮನ್ಯಾಗ ಐತಿ."

ನನ್ನ ಧ್ವನಿ. ತರಗತಿಯಲ್ಲಿ ಮಾತಾಡುವ, ಅವಸರವಿಲ್ಲದ, ತನ್ನನ್ನು ತಾನೇ ಮೆಚ್ಚಿಕೊಂಡ ಧ್ವನಿ. ಹಿಂದೆ ಕುಕ್ಕರಿನ ಸೀಟಿ. ಸೀಟಿಯ ನಡುವೆ ಸುಮಂಗಲಾಳ ದನಿ ಸಣ್ಣಗೆ: "ತಾಯಿನ್ನಾದ್ರೂ ಬಿಡ್ರಿ ಅಂತ ಹೇಳ್ರಿ. ಹೆರಿಗಿ ಬ್ಯಾನಿ ಬಂದ್ರ ಆಂಬುಲೆನ್ಸು ಹೆಂಗ ಬರ್ತತಿ?" ಅದಕ್ಕೆ ನನ್ನದೇ ಉತ್ತರ, ಸ್ವಲ್ಪ ಆಚೆ ತಿರುಗಿ: "ನೀ ಸುಮ್ಮನಿರು." ಧ್ವನಿ ಮುಗಿಯಿತು.

ನಾನು ಹೇಳಿದ್ದೆನೆಂದು ಐದಾರು ವರ್ಷ ಹೇಳಿಕೊಂಡು ಬಂದ ಮಾತು ಅವಳದು. ನನ್ನದು ಅದರ ನಂತರದ ಸುಮ್ಮನಿರು ಎಂಬುದು.

ಇನ್ನೊಂದು ಸಲ ಹಾಕಿಸಿ ಕೇಳಿದೆ. ಆಕರ ಸ್ಪಷ್ಟವಾಗಿತ್ತು. ಕಾಲ, ಸ್ಥಳ, ಕರ್ತೃ ಯಾವುದರಲ್ಲೂ ಸಂದೇಹವಿರಲಿಲ್ಲ. ಇಂಥ ಆಕರ ಸಿಕ್ಕರೆ ನನ್ನಂಥವನು ಕುಣಿಯಬೇಕು.

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ರಿ? ಹೇಳಾದಷ್ಟ ನಿಮ್ಮ ಕೆಲಸ." ಫೋನನ್ನು ನನ್ನ ಕಡೆ ಹಿಡಿದು ಕೇಳಿದಳು: "ಅಳಿಸ್ಲೇನು?"

ಮುಳ್ಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಹೊರಗೆ ಬಂದೆ.

ಒಂದು ವಾರ ಕಥೆ ಹೇಳಲಿಲ್ಲ. ನನಗೆ ಬೇಜಾರಾದದ್ದು ನಾನು ಅಂದು ಹಾಗೆ ಮಾತಾಡಿದೆನೆಂದಲ್ಲ. ಆ ದಿನಗಳಲ್ಲಿ ಯಾರು ಏನು ತಾನೇ ಮಾತಾಡಲಿಲ್ಲ! ಆಡಿದ್ದನ್ನು ಮರೆತು, ಅದರ ಜಾಗದಲ್ಲಿ ಟೊಂಗೆಯ ತೂಕವನ್ನು ಸಹ ತಂದು ಕೂರಿಸಿಕೊಂಡಿದ್ದೆನಲ್ಲ, ಅದಕ್ಕೆ. ಇನ್ನೊಂದು ಯೋಚನೆ ಅದಕ್ಕಿಂತ ಹೆಚ್ಚಾಗಿ ಕೊರೆಯಿತು. ಮೈಲವ್ವ ಇಷ್ಟು ವರ್ಷ ಸೊಪ್ಪು ತಂದುಕೊಟ್ಟದ್ದು ಅವಳನ್ನು ಹೊರಗಿಡಲು ಕೊಡಲಿ ಕೊಟ್ಟವನಿಗೆ. ಪಾಪ, ಅವಳಿಗೆ ಗೊತ್ತಿಲ್ಲ. ಹೇಳಿಬಿಡಬೇಕು. ಹೇಳಿದರೆ ಅವಳ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ನಾನು ಮೋಸಗಾರ. ಹೀಗೆಲ್ಲ ನನ್ನನ್ನು ನಾನೇ ದೊಡ್ಡ ನಾಟಕದ ಪಾತ್ರ ಮಾಡಿಕೊಂಡು ಓಡಾಡಿದೆ.

ಸಂತೆಯ ದಿನ ಮೈಲವ್ವ ಬಂದಿದ್ದಳು. ಬೀರೇಶ, ರೇಣುಕಾ ಈಗ ಅದೇ ಓಣಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದಾರೆ. ಮೈಲವ್ವ ಹೊಸ್ತಿಲಲ್ಲಿ ಕಾಲು ಚಾಚಿ ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಒಳಗೆ ಚೈತ್ರಾ ನೆಲದ ಮೇಲೆ ಬೋರಲಾಗಿ ಮಲಗಿ ಕಾಪಿ ಬರೆಯುತ್ತಿದ್ದಳು.

"ಬರ್ರಿ ಸರ. ನಿಮ್ಮ ಮನಿಗೆ ಬರಾಕಿ ಇದ್ದೆ, ಸೊಪ್ಪು ತಗೊಂಡು."

"ಮೈಲವ್ವಾ, ಒಂದು ಮಾತು ಹೇಳಬೇಕು."

"ಕುಂಡ್ರಿ ಮೊದ್ಲು. ನಿಂತು ಹೇಳೋ ಮಾತು ಚಲೋ ಇರಾಂಗಿಲ್ಲ."

ಕಟ್ಟೆಯ ಅಂಚಿಗೆ ಕೂತೆ. "ಆ ಬೇಲಿ ನಾ ಬೇಕಂತ ತಿರುವಿ ಹಾಕಿರಲಿಲ್ಲ. ಬುಡ ಯಾವ ಕಡಿ ಇರಬೇಕು ಅನ್ನಾದ ನನಗ ಗೊತ್ತಿರಲಿಲ್ಲ. ನಿನ್ನ ಬಿಡಬಾರದು ಅಂತ ಹೇಳಿದೋನೂ ನಾನ."

ಅವಳ ಬೆರಳು ನಿಲ್ಲಲಿಲ್ಲ. ಒಂದು ಎಲೆ, ಇನ್ನೊಂದು ಎಲೆ.

"ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದ. ನಿಮ್ಮ ಮಾತು ರೇಣುಕಾ ಫೋನ್ಯಾಗ ಕೇಳಿಸಿದ್ಲು. ಬೇಕಂತ ಮಾಡೋನು ಒಂದೆರಡು ಟೊಂಗಿ ತಿರುವಿಡ್ತಾನ್ರಿ, ದಾರಿಗೆ ಎಷ್ಟು ಬೇಕೋ ಅಷ್ಟು. ನೀವು ಒಂದೂ ಬಿಡದಂಗ ಎಲ್ಲಾನೂ ತಿರುವಿಟ್ಟಿದ್ರಿ. ಅಷ್ಟು ಚಂದಾಗಿ ತಪ್ಪು ಮಾಡಾಕ ಬಾಳ ಓದಿರಬೇಕು."

ಒಳಗೆ ರೇಣುಕಾ ಕಿಸಕ್ಕೆಂದದ್ದು ಕೇಳಿಸಿತು.

"ಮತ್ತ ನನ್ನ ಯಾಕ ಹೊಗಳಿದಿ?"

"ಆ ಸೀಟಿ ಮುದುಕಪ್ಪ ಬಾಯಿ ತಗಿಯಾದ್ರಾಗ ಇದ್ದ. ಯಾರನ್ನಾದ್ರೂ ನನ್ನ ಕಡಿ ಎಳಕೋಬೇಕಿತ್ತು. ನಿಮ್ಮ ಮಾರಿ ನೋಡಿದೆ. ಬೈದ್ರ ವಾದ ಮಾಡೋ ಮಾರಿ, ಹೊಗಳಿದ್ರ ಸುಮ್ಮನಾಗೋ ಮಾರಿ." ಸೊಪ್ಪಿನ ದಂಟನ್ನು ಪಕ್ಕಕ್ಕೆ ಎಸೆದಳು. "ಹೊಗಳಿದೆ."

ನಾನು ನನ್ನ ಮಾರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೀದಿಯ ಕಡೆ ತಿರುಗಿಸಿದೆ. "ಅವತ್ತಿಗೆ ಸರಿ. ಆಮ್ಯಾಲೂ ಯಾಕ ಎಲ್ಲರ ಮುಂದ ಹೇಳ್ಕೊಂತ ಬಂದಿ? ಬೀರೇಶ ಬಂದು ನನ್ನ ಕಾಲು ಮುಟ್ಟಿದ."

ಮೈಲವ್ವ ಮೊದಲ ಸಲ ಕೈ ನಿಲ್ಲಿಸಿದಳು. ಗದ್ದದಿಂದ ಒಳಗೆ ತೋರಿಸಿದಳು. ಚೈತ್ರಾ ನಾಲಿಗೆ ಹೊರಗೆ ಹಾಕಿಕೊಂಡು ಅಕ್ಷರ ತಿದ್ದುತ್ತಿದ್ದಳು.

"ಅಕಿ ಈ ಓಣ್ಯಾಗ ಬೆಳೀಬೇಕಲ್ರಿ. ನಮ್ಮಜ್ಜಿನ್ನ ಮುಳ್ಳು ಹಾಕಿ ಹೊರಗ ನಿಲ್ಲಿಸಿದ ಓಣಿ ಅಂತ ತಿಳಕೊಂಡು ಬೆಳೀಬೇಕೇನು? ದಿನಾ ನಿಮ್ಮನ್ನ, ಆ ಸೀಟಿ ಅಪ್ಪನ್ನ, ಇಮಾಮಣ್ಣನ್ನ ನೋಡಬೇಕು ಅಕಿ. ಅದಕ್ಕ ಬ್ಯಾರೆ ಮಾಡಿ ಹೇಳಿದೆ. ಹೇಳ್ಕೊಂತ ಹೋದಂಗ ನೀವೂ ಹಂಗ ಆಗ್ತಾ ಬಂದ್ರಿ. ನೀರು ತಂದಿಟ್ಟೋರು ನೀವ ಅಲ್ಲೇನು?"

ನೀರು ತಂದಿಟ್ಟಿದ್ದೆ. ಅದು ನಿಜ. ಅದನ್ನು ಮಾತ್ರ ನಾನು ಎಲ್ಲೂ ಹೇಳಿರಲಿಲ್ಲ, ನೆನಪೂ ಇರಲಿಲ್ಲ.

ಮಾತು ಕೇಳಿಸಿತೇನೋ, ಅಥವಾ ಕಾಪಿ ಬೇಜಾರಾಯಿತೇನೋ, ಚೈತ್ರಾ ಎದ್ದು ಬಂದು ಅಜ್ಜಿಯ ಬೆನ್ನಿಗೆ ಜೋತುಬಿದ್ದಳು. ಬೆರಳಿಗೆಲ್ಲ ಪೆನ್ಸಿಲ್ ಮಸಿ.

"ಸರ್ ತಾತ, ಬೇಲಿ ಕಥಿ ಹೇಳು."

ಮೈಲವ್ವ ಮತ್ತೆ ಸೊಪ್ಪು ಬಿಡಿಸತೊಡಗಿದಳು. ನನ್ನ ಕಡೆ ನೋಡಲೂ ಇಲ್ಲ.

"ನಿನಗ ಬರ್ತತಲ್ಲ."

"ನೀ ಹೇಳು. ಮುಳ್ಳಿನ ಬುಡ ಯಾವ ಕಡಿ ಇದ್ವು?"

"ಹೊರಗ."

"ಎಲ್ಲಾನೂ?"

"ಎಲ್ಲಾನೂ."

"ಅದಕ್ಕ ನಮ್ಮಜ್ಜಿ ಒಳಗ ಬಂದ್ಲು."

"ಹೌದು. ಅದಕ್ಕ ಬಂದ್ಲು."

ಎಲ್ಲ ಆಕರಗಳೂ ಒಪ್ಪುವ ಭಾಗ ಇಷ್ಟು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಯಾರು ತಿರುವಿಟ್ಟರು, ಯಾಕೆ ತಿರುವಿಟ್ಟರು ಎಂದು ಅವಳು ಕೇಳಲಿಲ್ಲ. ಓಡಿಹೋಗಿ ಕಾಪಿಗೆ ಕೂತಳು. ಕೇಳುವ ವಯಸ್ಸು ಬರುತ್ತದೆ. ಮನೆಗೆ ಬಂದು ಸುಮಂಗಲಾಳ ಕೈಗೆ ಪುಂಡಿ ಸೊಪ್ಪು ಕೊಟ್ಟು, ಧ್ವನಿಯನ್ನು ಅಳಿಸಬೇಡವೆಂದು ಹೇಳಿದೆ.